ಅವ್ವನ ಕುರ್ಚಿ

ಹೈಸ್ಕೂಲು ಟೀಚರ್ ಪ್ರಭಾವತಿ ಸಂಜೆ ಹೊತ್ತು ಉಣಕಲ್ಲಿನ ತನ್ನ ಮನೆಯ ಪಡಸಾಲೆಯಲ್ಲಿ ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್ ಮಾತು ಕಲಿಸುತ್ತಿದ್ದಳು. ಅವತ್ತಿನ ಪದ ‘ಸ್ಟ್ಯಾಂಡ್’. ಇಂಗ್ಲಿಷಿನವರು ಮಹಾ ಜುಗ್ಗರು, ಒಂದೇ ಪದವನ್ನು ಬಾಡಿಗೆ ಎತ್ತಿನ ಹಾಗೆ ಊರೆಲ್ಲ ದುಡಿಸುತ್ತಾರೆ. ನಿಲ್ಲುವುದೂ ಅದೇ, ಚುನಾವಣೆಗೆ ನಿಲ್ಲುವುದೂ ಅದೇ. ಅಲ್ಲಿಗೆ ಸರಿ. ಸಹಿಸಿಕೊಳ್ಳುವುದೂ ಅದೇ ಎಂದಾಗ ಜಮಖಾನೆಯ ಮೇಲೆ ಕೂತವರೆಲ್ಲ ತಲೆ ಕೆರೆದುಕೊಂಡರು.

ಮೂಲೆಯ ಬೆತ್ತದ ಕುರ್ಚಿಯಲ್ಲಿ ಅವಳ ತಾಯಿ ಸಾವಂತ್ರೆವ್ವ ಕೂತಿದ್ದಳು. ಮೊಣಕಾಲು ಸವೆದಿವೆ, ನೆಲಕ್ಕೆ ಕೂಡಲೇಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ಮಗಳು ತಂದ ಕುರ್ಚಿ. ಅದರಲ್ಲಿ ಕೂಡಲು ಮುದುಕಿಯನ್ನು ಒಪ್ಪಿಸುವಷ್ಟರಲ್ಲಿ ಪ್ರಭಾವತಿಗೆ ಸಾಕುಸಾಕಾಗಿತ್ತು.

ಅಷ್ಟರಲ್ಲಿ ಹೊಸಬನೊಬ್ಬ ಬಂದ. ಹೆಸರು ಪ್ರತಾಪ, ಅಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್.

“ನಮ್ಮೂರು ಮುಗದ್ರಿ. ಗೌಡ್ರ ಮನಿ,” ಅಂದ.

ಮುಗದ ಇವರ ಊರೂ ಹೌದು. ಆದರೆ ಇವರದು ಊರಾಚೆಯ ಕೇರಿ. ಗೌಡರ ಅಂಗಳದಲ್ಲಿ ಸಾವಂತ್ರೆವ್ವ ಎಂದೂ ಕೂತವಳಲ್ಲ. ಮಾತು ಕಿವಿಗೆ ಬಿದ್ದದ್ದೇ ತಡ, ಗೋಡೆ ಹಿಡಿದು ಎದ್ದಳು, ಸೆರಗು ತಲೆಗೆಳೆದುಕೊಂಡು ಬಾಗಿಲ ಬದಿಗೆ ನಿಂತಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಹೆದರಿಸಿ ಕಲಿಸಿದ್ದು.

ಖಾಲಿ ಕುರ್ಚಿ ಕಂಡ ಪ್ರತಾಪ ಹೋಗಿ ಅದರಲ್ಲಿ ಕೂತ. ಪಾಪ, ಅವನಿಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇರುವುದೂ ಒಂದು ಗೌಡಿಕೆಯೇ.

ಪ್ರಭಾವತಿಗೆ ಮೈಯೆಲ್ಲ ಉರಿಯಿತು. “ಏಳ್ರಿ ಮ್ಯಾಲ. ಅದು ನಮ್ಮವ್ವನ ಕುರ್ಚಿ.”

ಅವನು ಗಾಬರಿಯಾಗಿ ಎದ್ದ. “ತಪ್ಪಾತ್ರಿ. ಬರ್ರಿ ಅಮ್ಮಾ, ಕೂಡ್ರಿ.”

ಸಾವಂತ್ರೆವ್ವ ಅಲ್ಲಾಡಲಿಲ್ಲ.

“ಕೂಡಬೇ ಯವ್ವಾ!” ಪ್ರಭಾವತಿಯ ದನಿ ಏರಿತು.

“ಗೌಡ್ರು ನಿಂತಾಗ ನಾ ಹ್ಯಾಂಗ ಕೂಡ್ಲವ್ವಾ?”

“ಇದು ನಮ್ಮ ಮನಿ!”

ಜಮಖಾನೆಯ ಮೇಲಿದ್ದವರೂ ಒಬ್ಬೊಬ್ಬರಾಗಿ ಎದ್ದರು. ಪಡಸಾಲೆ ತುಂಬ ಜನ ನಿಂತಿದ್ದರು. ಅವ್ವನ ಕಾಲು ಥರಥರ ನಡುಗುವುದನ್ನು ನೋಡಲಾರದೆ ಪ್ರಭಾವತಿ ಎಲ್ಲರನ್ನೂ ಮನೆಗೆ ಕಳಿಸಿಬಿಟ್ಟಳು.

ಬಾಗಿಲು ಹಾಕಿ ತಿರುಗಿದರೆ, ಸಾವಂತ್ರೆವ್ವ ಗೋಡೆಗೆ ಆತು ಜಾರಿ, ನೋವಿಗೆ ಹಲ್ಲು ಕಚ್ಚಿ ನೆಲದ ಮೇಲೆ ಕೂತಿದ್ದಳು. ಪ್ರಭಾವತಿಗೆ ಅಳು ಬಂತು.

“ಅವ ಹ್ವಾದ ಯವ್ವಾ. ಈಗರೆ ಕುರ್ಚಿ ಮ್ಯಾಲ ಕೂಡಬೇ.”

“ಬ್ಯಾಡ. ಇಷ್ಟು ದಿನ ಅದು ಬರೇ ಕುರ್ಚಿ ಇತ್ತು,” ಅಂದಳು ಸಾವಂತ್ರೆವ್ವ. “ಈಗ ಅದು ಗೌಡ್ರು ಕುಂತೆದ್ದ ಕುರ್ಚಿ.”

ಈಗಲೂ ಬೆಳಗೆದ್ದು ಆ ಕುರ್ಚಿಯನ್ನು ಸೆರಗಿನಿಂದ ಒರೆಸುತ್ತಾಳೆ. ಕೂಡುವುದಿಲ್ಲ.