ದೀಪಗಳಿಗೆ ಟೋಪಿ

ಅಧ್ಯಕ್ಷನಿಗೆ ಬುದ್ಧಿ ಕಡಿಮೆ ಎಂದು ಪುರಸಭೆಯ ಎಲೆಕ್ಟ್ರಿಷಿಯನ್ ಎಂದೂ ಹೇಳಿದವಳಲ್ಲ. ಇದ್ದರೆ ತಾನೆ ಕಡಿಮೆಯಾಗುವುದು! ಇಪ್ಪತ್ತೆರಡು ವರ್ಷ ಕಂಬ ಹತ್ತಿಳಿದು ಐವರು ಅಧ್ಯಕ್ಷರನ್ನು ಕಂಡಿದ್ದಳು. ಐವರಲ್ಲಿ ಬೆಳಕಿನ ಹುಚ್ಚು ಹಿಡಿದವನು ಇವನೊಬ್ಬನೇ.

ಊರ ಹಿಂದಿನ ಗುಡ್ಡದ ಮೇಲೆ ಜನ ನಕ್ಷತ್ರ ನೋಡಲೆಂದು ಅವನು ಒಂದು ಕಟ್ಟೆ ಕಟ್ಟಿಸಿದ. ದೊಡ್ಡ ದುರ್ಬೀನು ತರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಮನುಷ್ಯನೆನ್ನಬಹುದಿತ್ತು. ಕಟ್ಟೆಯ ಸುತ್ತ ಇಪ್ಪತ್ನಾಲ್ಕು ಫ್ಲಡ್‌ಲೈಟ್ ಹಾಕಲು ಹೇಳಿದ.

"ಸಾರ್, ದೀಪ ಹಾಕಿದ್ರೆ ನಕ್ಷತ್ರ ಕಾಣಲ್ಲ."

"ಕತ್ತಲಲ್ಲಿ ಏನಮ್ಮ ಕಾಣುತ್ತೆ? ದೀಪ ಇದ್ರೆ ತಾನೆ ಎಲ್ಲಾ ಕಾಣೋದು?"

ಬೆಳಕು ನೆಲಕ್ಕಷ್ಟೇ ಬೀಳುವಂಥ ತಗಡಿನ ಟೋಪಿಯೊಂದರ ಚಿತ್ರ ಬರೆದು ತೋರಿಸಿದಳು. ಅವನು ಅದರ ಮೇಲೆ ಕಾಫಿ ಲೋಟ ಇಟ್ಟ.

ಉದ್ಘಾಟನೆಯ ಸಂಜೆ ಆಕಾಶ ನೀರು ಬೆರೆಸಿದ ಹಾಲಿನಂತಿತ್ತು. ಅಧ್ಯಕ್ಷ ಮೊದಲು ಬಗ್ಗಿ, ದುರ್ಬೀನಿಗೆ ಕಣ್ಣಿಟ್ಟು, "ಆಹಾ, ಶನಿಯ ಬಳೆ! ಎಂಥಾ ಹೊಳಪು!" ಎಂದು ಎರಡು ನಿಮಿಷ ಹೊಗಳಿದ. ಜನ ಚಪ್ಪಾಳೆ ತಟ್ಟಿದರು. ದುರ್ಬೀನಿನ ಮುಂದಿನ ಮುಚ್ಚಳವನ್ನು ವಿಜ್ಞಾನದ ಮೇಷ್ಟ್ರು ಇನ್ನೂ ತೆಗೆದೇ ಇರಲಿಲ್ಲ. ಮೇಷ್ಟ್ರ ಮುಖ ಬಿಳುಚಿತು. ಎಲೆಕ್ಟ್ರಿಷಿಯನ್ ಮಾತ್ರ ನಗು ತಡೆಯಲಾರದೆ ಫ್ಯೂಸ್ ಪೆಟ್ಟಿಗೆಯ ಹಿಂದೆ ಹೋಗಿ ನಿಂತಳು.

ಮರುವಾರ ಅಧ್ಯಕ್ಷನ ತಾಯಿಯೇ ಅವಳಿಗೆ ಹೇಳಿಕಳುಹಿಸಿದರು. ಮುದುಕಿಯ ಮಂಚದ ಎದುರಿನ ಕಿಟಕಿಗೆ ಸರಿಯಾಗಿ ಮಗ ಹಾಕಿಸಿದ ಹೊಸ ಬೀದಿದೀಪದ ಕಂಬ ನಿಂತಿತ್ತು.

"ನೋಡವ್ವಾ, ಕಣ್ಣು ಮುಚ್ಚಿದ್ರೂ ನಂಗೆ ಹಗಲೇ. ಇವನನ್ನ ಹೆತ್ತಾಗಲೂ ಇಷ್ಟು ನಿದ್ದೆ ಕೆಟ್ಟಿರಲಿಲ್ಲ!"

ಎಲೆಕ್ಟ್ರಿಷಿಯನ್ ಅಂದೇ ಆ ದೀಪಕ್ಕೊಂದು ತಗಡಿನ ಟೋಪಿಯನ್ನು ಅಳತೆಗೆ ಹೊಲಿದ ಹಾಗೆ ಕೂರಿಸಿದಳು. ಮೂರು ದಿನ ಚೆನ್ನಾಗಿ ನಿದ್ದೆ ಮಾಡಿದ ಮುದುಕಿ ನಾಲ್ಕನೆಯ ದಿನ ಅವಳನ್ನೂ ಕರೆದುಕೊಂಡು ನೆಟ್ಟಗೆ ಕಚೇರಿಗೆ ಬಂದು, ಗುಮಾಸ್ತರೆಲ್ಲ ನೋಡುತ್ತಿದ್ದಂತೆ ಮಗನ ಮೇಜು ಗುದ್ದಿದರು.

"ಈ ಹುಡುಗಿ ಹೇಳ್ದಂಗೆ ಮಾಡೋ, ದಡ್ಡ!"

"ಆಯ್ತಮ್ಮ, ಆಯ್ತು, ಮೆಲ್ಲಗೆ!" ಎಂದು ಅವನು ಬೆವರೊರೆಸಿಕೊಂಡ.

ಆದೇಶವನ್ನು ಎಲೆಕ್ಟ್ರಿಷಿಯನ್ನೇ ಬರೆದಳು: ಊರಿನ ಎಲ್ಲ ಬೀದಿದೀಪಗಳಿಗೂ ಟೋಪಿ, ಗುಡ್ಡದ ಫ್ಲಡ್‌ಲೈಟುಗಳನ್ನು ಬಿಚ್ಚಿ ಉಗ್ರಾಣಕ್ಕೆ. ಓದುವ ಚಟ ಅವನಿಗಿಲ್ಲವೆಂಬುದು ಇಡೀ ಕಚೇರಿಗೆ ಗೊತ್ತಿತ್ತು. ತಾಯಿಯ ಮುಖವನ್ನೇ ನೋಡುತ್ತ ಸಹಿ ಗೀಚಿದ. ದೀಪಗಳಿಗಿಂತ ಮೊದಲು ಟೋಪಿ ಬಿದ್ದದ್ದು ಅವನಿಗೇ.

ಕೆಲಸ ಮುಗಿಯಲು ತಿಂಗಳು ಹಿಡಿಯಿತು. ಗುಡ್ಡದ ದೀಪಗಳನ್ನೂ ಬಿಚ್ಚಿದ ವಿಷಯ ತಿಳಿದಾಗ ಅವನು ಕೂಗಾಡಬೇಕೆಂದಿದ್ದ. ಅಷ್ಟರಲ್ಲಿ ಬೀದಿಯ ಜನ ಬಂದು ಕೈಕುಲುಕಿ, "ಒಳ್ಳೆ ಕೆಲಸ ಮಾಡಿದ್ರಿ" ಎಂದರು. ಕೂಗು ಗಂಟಲಲ್ಲೇ ಭಾಷಣವಾಗಿ ತಿರುಗಿತು. ಕತ್ತಲಿನ ಮಹತ್ವ ತನಗೆ ಬಾಲ್ಯದಿಂದಲೂ ತಿಳಿದಿತ್ತೆಂದು ಗುಡ್ಡದ ಮೇಲೆ ಮುಕ್ಕಾಲು ಗಂಟೆ ಮಾತಾಡಿದ. ಕೊನೆಗೆ ಮಿನುಗುತ್ತ ಸರಿಯುತ್ತಿದ್ದ ಚುಕ್ಕಿಯೊಂದಕ್ಕೆ ಬೆರಳು ತೋರಿಸಿ, "ಅದೇ ಧ್ರುವ ನಕ್ಷತ್ರ" ಎಂದ.

"ಧ್ರುವ ಎಲ್ಲಿಗೋ ಹೊರಟಿದ್ದಾನಲ್ಲೋ, ಸದ್ದು ಬೇರೆ ಮಾಡ್ಕೊಂಡು," ಎಂದರು ತಾಯಿ.

ವಿಮಾನ ಗುಡ್ಡ ದಾಟಿ ಹೋಯಿತು. ಎಲೆಕ್ಟ್ರಿಷಿಯನ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಸರದಿ ಬಂದಿತ್ತು. ಬಗ್ಗಿ ದುರ್ಬೀನಿಗೆ ಕಣ್ಣಿಟ್ಟಳು. ಕೃತ್ತಿಕೆಯಲ್ಲಿ ಆರೇಳು ಚುಕ್ಕಿ ಎಂದುಕೊಂಡಿದ್ದವಳು ಮೂವತ್ತರವರೆಗೆ ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಒಂದರಿಂದ ಶುರುಮಾಡಿದಳು.