ಟೈರಿನ ಡಬ್ಬಿ, ಹೆದ್ದಾರಿಯ ನಿಧಿ

ಆವತ್ತು ಬೆಳಗಿನಿಂದ ನನ್ನ ಮಗ ಒಂದು ಕಡೆ ಕೂರಲಿಲ್ಲ. ಅಂಗಳಕ್ಕೆ ಹೋಗುವುದು, ವ್ಯಾನಿನ ಬಾಗಿಲು ತೆಗೆಯುವುದು, ದಡಾರನೆ ಹಾಕಿ ಮತ್ತೆ ಒಳಗೆ ಬರುವುದು. ಟೀ ಆರಿ ತಣ್ಣಗಾಗಿತ್ತು.

ನಮ್ಮದು ಕೋಳಿ ಸಾಕುವ ಮನೆ. ನಮ್ಮ ಮೊಟ್ಟೆ ತಿನ್ನುವುದಕ್ಕಲ್ಲ, ಮರಿ ಮಾಡಿಸುವುದಕ್ಕೆ. ವಾರವಾರವೂ ರಾಜ್ಯ ಹೆದ್ದಾರಿಯಲ್ಲಿ ಸಾಗಿಸಿ ಹ್ಯಾಚರಿಗೆ ಒಪ್ಪಿಸಬೇಕು. ಇತ್ತೀಚೆಗೆ ಅರ್ಧದಷ್ಟು ಮೊಟ್ಟೆಗಳಲ್ಲಿ ಮರಿಯೇ ಆಗುತ್ತಿರಲಿಲ್ಲ. ನಾವು ಹುಂಜಗಳ ಮೇಲೆ ಅನುಮಾನಪಟ್ಟು, ಒಳ್ಳೊಳ್ಳೆಯವನ್ನೇ ಮಾರಿಬಿಟ್ಟೆವು. ಹೊಸವು ಬಂದರೂ ಅದೇ ಹಾಡು.

ಕೊನೆಗೆ ಹ್ಯಾಚರಿಯವರೇ ಹೇಳಿದರು: “ಹುಂಜದ ತಪ್ಪಲ್ಲ, ದಾರಿಯ ಕುಲುಕಾಟ. ಹೀಗೇ ಆದ್ರೆ ನಿಮ್ಮ ಮೊಟ್ಟೆ ನಮಗೆ ಬೇಡ.”

ಅಂದಿನಿಂದ ಸೊಸೆ ಟ್ರೇಗಳನ್ನು ಮಡಿಲಲ್ಲಿಟ್ಟುಕೊಂಡು ಹೋಗುತ್ತಾಳೆ. ಅವಳನ್ನು ಕಂಡರೆ ಎದುರು ಬರುವ ಲಾರಿಯವರು ತಾವೇ ಗುಂಡಿಗಿಳಿದು ಒಳ್ಳೆಯ ಪಕ್ಕ ಬಿಟ್ಟುಕೊಡುತ್ತಾರೆ.

ಆ ಹೆದ್ದಾರಿಯ ಕೆಲಸ ಅರ್ಧಕ್ಕೆ ನಿಂತು, ಜಲ್ಲಿ ರಾಶಿಯ ಮೇಲೆ ಹುಲ್ಲು ಬೆಳೆದಿದೆ. ಹೆದ್ದಾರಿಗೆಂದೇ ಪ್ರತ್ಯೇಕ ನಿಧಿ ಬೇಕೋ ಬೇಡವೋ ಎಂದು ಕೇಳಲು ಆ ಮಧ್ಯಾಹ್ನ ಜನರ ಸಭೆ ಕರೆದಿದ್ದರು.

ರಸ್ತೆ ಇಲಾಖೆಯಲ್ಲಿ ಲೆಕ್ಕ ನೋಡುವ ನನ್ನ ಮಗಳು ಬಂದವಳೇ ಅಣ್ಣನ ಟೀ ಮತ್ತೆ ಬಿಸಿ ಮಾಡಿ ತಂದಳು. “ಹೊರಡಲ್ವಾ ಅಣ್ಣಾ?”

“ಯಾಕೆ ಹೊರಡ್ಲಿ? ಈಗ ಕಟ್ಟೋ ತೆರಿಗೆ ಎಲ್ಲಿ ಹೋಯ್ತು, ಹೇಳು ನೋಡೋಣ.”

“ಎಲ್ಲಾ ಒಂದೇ ಗಂಟಿಗೆ ಬೀಳುತ್ತೆ. ಅರ್ಜೆಂಟು ಅಂತ ಏನು ಬಂದ್ರೂ ಅಲ್ಲಿಂದ್ಲೇ ತೆಗೀತಾರೆ. ರಸ್ತೆಗೆ ಈ ವರ್ಷ ಸಿಕ್ಕಿದ್ದು ಮುಂದಿನ ವರ್ಷ ಸಿಗಲ್ಲ, ಕೆಲಸ ನಿಲ್ಲುತ್ತೆ. ನಿಧಿ ಆದ್ರೆ ವಾಹನ, ಪೆಟ್ರೋಲು, ಡೀಸೆಲ್ಲಿನ ತೆರಿಗೆಯಲ್ಲಿ ಒಂದು ಪಾಲು ಬೇರೆ ಖಾತೆಗೆ. ರಸ್ತೆಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟೋ ಹಾಗಿಲ್ಲ ಅಂತ ಕಾನೂನೇ ಮಾಡ್ತಾರೆ.”

“ತಿನ್ನೋರಿಗೆ ಬೇರೆ ತಟ್ಟೆ ಹಾಕಿಕೊಟ್ಟ ಹಾಗಾಯ್ತು!”

ಟ್ರೇ ಒರೆಸುತ್ತಿದ್ದ ಸೊಸೆ ತಲೆ ಎತ್ತಿದಳು. “ರೀ, ನಿಮ್ಮ ಟೈರಿನ ದುಡ್ಡಿನ ಡಬ್ಬಿ ಕೀಲಿ ಎಲ್ಲಿದೆ?”

“ಅಮ್ಮನ ಹತ್ರ.”

“ಯಾಕೆ ಅಮ್ಮನ ಹತ್ರ?”

ಹೊಸ ಟೈರಿಗೆಂದು ಕೂಡಿಟ್ಟ ದುಡ್ಡಲ್ಲಿ ಒಮ್ಮೆ ವ್ಯಾನಿಗೆ ಸ್ಪೀಕರ್ ಹಾಕಿಸಿ, ಸವೆದ ಟೈರು ಸಿಡಿದು, ಹಾಡು ಕೇಳುತ್ತಾ ನಡುದಾರಿಯಲ್ಲಿ ಕೂತಿದ್ದ ಮಹಾರಾಯ ನನ್ನ ಮಗ. ಮರುದಿನ ತಾನೇ ಡಬ್ಬಿಗೆ ಬೀಗ ಹಾಕಿ, “ನಾನು ಅತ್ರೂ ಕೊಡಬೇಡಮ್ಮಾ” ಎಂದು ಕೀಲಿ ನನ್ನ ಕೈಗಿಟ್ಟಿದ್ದ.

“ಸರಿ, ಆ ನಿಧಿ ಕೀಲಿ ಯಾರ ಕೈಲಿರುತ್ತೆ?” ಎಂದ. ದನಿ ಇಳಿದಿತ್ತು.

“ಅದನ್ನ ಅಲ್ಲೇ ಕೇಳು” ಎಂದಳು ಮಗಳು. “ಲೆಕ್ಕ ತಪಾಸಣೆ ಯಾರದ್ದು, ಪ್ರತಿ ವರ್ಷ ಜನರ ಮುಂದೆ ಇಡ್ತೀರಾ ಅಂತ ಕೇಳು. ಕೇಳೋರೇ ಬರದಿದ್ರೆ ಅವರಾದ್ರೂ ಯಾಕೆ ಹೇಳ್ತಾರೆ?”

ನಾವೆಲ್ಲ ವ್ಯಾನು ಹತ್ತಿದೆವು. ಸಭೆಯಲ್ಲಿ ಮಗ ಎದ್ದು ನಿಂತ. “ಆ ನಿಧಿ ಕೀಲಿ ಯಾರ ಹತ್ರ?” ಎಂದಷ್ಟೇ ಕೇಳಿದ. ಕೆಲವರು ನಕ್ಕರು. ಹಿಂದಿನಿಂದ ಒಬ್ಬ ಲಾರಿ ಡ್ರೈವರ್ ಎದ್ದು, “ನನ್ನದೂ ಅದೇ ಪ್ರಶ್ನೆ” ಎಂದ. ನಗು ನಿಂತಿತು. ಪ್ರತಿ ವರ್ಷ ಲೆಕ್ಕವನ್ನು ಊರೂರಲ್ಲಿ ಓದಬೇಕೆಂಬ ಸಭೆಯವರ ಬೇಡಿಕೆಯನ್ನು ಅಧಿಕಾರಿಗಳು ಬರೆದುಕೊಂಡರು. ಆಮೇಲೆ ಮಗ ನಿಧಿಯ ಪರ ಕೈ ಎತ್ತಿದ.

ರಸ್ತೆ ಇನ್ನೂ ಹಾಗೇ ಇದೆ. ನಾಳೆಯೂ ಮೊಟ್ಟೆ ಹೋಗಬೇಕು.

ನಿಮ್ಮೂರಲ್ಲಿ ಇಂಥ ಸಭೆ ಕರೆದರೆ ಮನೆಯಲ್ಲಿ ಕೂತು ಗೊಣಗಬೇಡಿ, ಹೋಗಿ. ರಸ್ತೆಯ ಹಣ ರಸ್ತೆಗೇ ಇರಲಿ ಎನ್ನಿ, ಕೀಲಿ ಯಾರ ಕೈಯಲ್ಲಿ ಎಂದೂ ಕೇಳಿ. ಹೆದ್ದಾರಿ ಮಾಡಬೇಕಾದ ಕೆಲಸವನ್ನು ನನ್ನ ಸೊಸೆಯ ಮಡಿಲು ಇನ್ನೆಷ್ಟು ದಿನ ಮಾಡೀತು?