ಹುಲಿಯಮ್ಮನ ಏಲಕ್ಕಿ ಹಿಂಡು
ಸಾಗರದಿಂದ ಹೊಸನಗರಕ್ಕೆ ಬರುವಷ್ಟರಲ್ಲಿ ತನುಜಾ ಬ್ಯಾಗಿನ ಜಿಪ್ಪನ್ನು ನೂರು ಸಲ ಎಳೆದು ಮುಚ್ಚಿದ್ದಳು. ಬಸ್ಸಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆರು ತಿಂಗಳಿಂದ ಅವಳು ಲ್ಯಾಬಿನಲ್ಲಿ ಎಲೆ ಹಳದಿಯಾಗಿಸಿ ಏಲಕ್ಕಿ ಗಿಡವನ್ನು ಸೊರಗಿಸುವ ಕಟ್ಟೆ ರೋಗದ ವೈರಸ್ಸಿನ ಬೆನ್ನು ಬಿದ್ದಿದ್ದಳು. ರೋಗದ ಎಲೆಗೆ ಹೋಲಿಸಲು ಆರೋಗ್ಯದ ಗಿಡವೊಂದು ಬೇಕಲ್ಲ, ಅಮ್ಮ ಹುಲಿಯಮ್ಮನ ಹಿತ್ತಲಿನಿಂದಲೇ ಎಲೆ ಒಯ್ದಿದ್ದಳು. ಒಂದೇ ಬುಡದಿಂದ ಗುಂಪಾಗಿ ಎದ್ದ, ಊರಿಗೇ ಹೆಸರಾದ ಹಿಂಡು ಅದು. ಇಪ್ಪತ್ತೈದು ವರ್ಷದಲ್ಲಿ ಒಂದೆಲೆ ಹಳದಿಯಾಗಿದ್ದಿಲ್ಲ. ಆ ಎಲೆಯಲ್ಲೂ ವೈರಸ್ಸಿನ ಪ್ರೋಟೀನು! ತನ್ನ ಕೈಯದೇ ತಪ್ಪೆಂದು ಬೈದುಕೊಂಡು ಮತ್ತೆ ಮತ್ತೆ ಪರೀಕ್ಷೆ ಮಾಡಿದಳು. ತಪ್ಪು ಕೈಯದಲ್ಲ, ಗಿಡದ್ದು. ಪೆದ್ದಿ, ತವರಿನ ಗಿಡವೆಂದು ಕಣ್ಣು ಮುಚ್ಚಿ ನಂಬಿದ್ದಳು.

"ಎಷ್ಟು ಹಸ್ರಾಗಿದೆ ನೋಡೇ. ಎಂಥ ರೋಗ ಇದ್ಕೆ?" ಹಿತ್ತಲಲ್ಲಿ ಹಿಂಡಿನ ಎದುರು ನಿಂತು ಹುಲಿಯಮ್ಮ ರೇಗಿದಳು.

"ಹೊರಗೆ ತೋರಿಸ್ಕೊಳ್ದೆ ತಡ್ಕೊಂಡಿದೆ ಅಷ್ಟೆ, ಒಳಗೆ ವೈರಸ್ ಇದೆ. ಅದಕ್ಕೆ ಸ್ವಂತ ಒಲೆ ಇಲ್ಲಮ್ಮ. ಗಿಡದ ಅಡುಗೆಮನೆಗೇ ನುಗ್ತದೆ. ಏನು ಬೇಯಿಸ್ಬೇಕಂತ ಗಿಡ ಬರೆದಿಟ್ಟ ಚೀಟಿಗೆಲ್ಲ ತಲೆ ಮೇಲೊಂದು ಮುದ್ರೆ ಇರ್ತದೆ. ವೈರಸ್ಸಿನ ಚೀಟಿ ಆ ಜಾಗದಲ್ಲಿ ತನ್ನದೇ ಒಂದು ಪ್ರೋಟೀನ್ ಅಂಟಿಸ್ಕೊಂಡು ಬರ್ತದೆ. ಗಿಡ ಮೋಸಹೋಗಿ ಚೀಟಿ ಓದಿ ಒಂದೇ ಒಂದು ಉದ್ದನೆ ಪ್ರೋಟೀನ್ ಎಳೆ ಮಾಡಿಕೊಡ್ತದೆ. ಆಮೇಲೆ ಆ ಎಳೆ ತನ್ನನ್ನೇ ತುಂಡರಿಸ್ಕೊಂಡು, ತುಂಡಿಗೊಂದು ಕೆಲ್ಸ ಹಿಡೀತದೆ."

"ಅಂದ್ರೆ ಇಷ್ಟು ವರ್ಷ ನನ್ನ ಗಿಡವೇ ಅದಕ್ಕೆ ಬೇಯಿಸಿ ಹಾಕ್ತಿತ್ತಾ?"

"ಹೂಂ. ಗಿಡದ ಹೇನು ಇದರ ರಸ ಹೀರಿ ಇನ್ನೊಂದ್ರ ಮೇಲೆ ಕೂತ್ರೆ ಅದಕ್ಕೂ ಬರ್ತದೆ. ಕಿತ್ತು ಸುಡ್ಬೇಕಮ್ಮ."

ಹುಲಿಯಮ್ಮ ಎಲೆಯೊಂದನ್ನು ಸವರಿದಳು. ಈ ಹಿಂಡೆಂದರೆ ಅಮ್ಮನಿಗೆ ಮಾನ, ಮರ್ಯಾದೆ ಎಲ್ಲ. ತನುಜಾಳಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. ಕೇಳಿ ತಂದ ಗಿಡ ಬೇರೂರಿ ಹತ್ತುವುದಿಲ್ಲ, ಕದ್ದದ್ದೇ ಹತ್ತುವುದು ಎಂದು ಊರಿನ ನಂಬಿಕೆ. ಈ ಹಿಂಡಿನಿಂದ ಬುಡದ ಮರಿಗಂದು ಕದ್ದೊಯ್ದವರು ಎಷ್ಟು ಮಂದಿಯೋ! ಅವರ ಹಿತ್ತಲಲ್ಲೂ ಈಗ ರೋಗ ಹಸಿರಾಗಿ ಕೂತಿದೆ. ಕದ್ದೆನೆಂದು ಒಪ್ಪುವವರು ಯಾರು?

ಹುಲಿಯಮ್ಮ ಒಳಹೋಗಿ ಗುದ್ದಲಿ ತಂದಳು. ಮೊದಲ ಏಟು ಅವಳೇ ಹಾಕಿದಳು. ಬುಡ ಮೇಲೆ ಬಂದಾಗ ಕಣ್ಣೊರೆಸಿಕೊಂಡಳು, ತನುಜಾಳೂ ಅತ್ತಳು.

"ಕದ್ದೋರನ್ನ ಹೆಂಗೆ ಹುಡುಕೋದಮ್ಮ?"

"ಹುಡುಕೋದೆಂತಕ್ಕೆ? ಅಡುಗೆಮನೆ ಕಿಟಕಿಯಿಂದ ಎಲ್ಲರನ್ನೂ ನೋಡಿದೀನಿ. ನಾ ಕಂಡೆ ಅಂತ ಗೊತ್ತಾದ್ರೆ ಗಿಡ ಹತ್ತಲ್ಲ ಅಂತ ಮುಖ ತಿರುಗಿಸ್ತಿದ್ದೆ ಅಷ್ಟೆ. ಹದಿನೇಳು ಮನೆ."

ಗುದ್ದಲಿ ಹೆಗಲಿಗೇರಿಸಿ ಅವಳು ನೆಟ್ಟಗೆ ಪಕ್ಕದ ಮನೆಯ ಬೇಲಿಯ ದಣಪೆ ದಾಟಿದಳು. ಮಗಳು ಹಿಂದೆಯೇ ಓಡಿದಳು.

"ಗುತ್ಯಮ್ಮಾ, ನನ್ನ ಹಿತ್ಲಿಂದ ಕದ್ದ ಏಲಕ್ಕಿ ಎಲ್ಲಿ ನೆಟ್ಟಿದೀಯ, ತೋರ್ಸೇ. ನಾಚ್ಕೋಬೇಡ, ತಪ್ಪು ನಿಂದಲ್ಲ. ನನ್ನ ಗಿಡದ್ದು."